ಕೂತು ನೋಡದ ಟೋಪಿ

ಇಂದಿರಾನಗರದ ಕಡೆ ಸ್ಕೂಟರ್ ತಿರುಗಿಸಬೇಡ ಅಂತ ನನ್ನ ಮಗಳು ಗೀತಾ ನನಗೆ ಆಣೆ ಹಾಕಿದ್ದಾಳೆ. ನನ್ನ ಕಣ್ಣು ಮಂದವಾಗಿದೆ ಅಂತಲ್ಲ, ಟ್ರಾಫಿಕ್ ಜಾಸ್ತಿ ಅಂತಲೂ ಅಲ್ಲ. ಅಲ್ಲಿ ಹೆಜ್ಜೆಗೊಂದು ಅಪಾರ್ಟ್‌ಮೆಂಟು, ಅಪಾರ್ಟ್‌ಮೆಂಟಿಗೊಬ್ಬ ಸೆಕ್ಯುರಿಟಿ, ಅವನ ತಲೆ ಮೇಲೊಂದು ಟೋಪಿ. ಆ ಟೋಪಿ ಕಂಡ ತಕ್ಷಣ ನನ್ನ ಪಿತ್ತ ನೆತ್ತಿಗೇರುತ್ತೆ, ಗಾಡಿ ತಾನಾಗೇ ನಿಲ್ಲುತ್ತೆ. "ಅಪ್ಪಾ, ಇಲ್ಲೂ ಶುರು ಮಾಡ್ಬೇಡ" ಅಂತ ಅವಳು ಹಿಂದಿನಿಂದ ಅಂಗಿ ಜಗ್ಗುವ ಹೊತ್ತಿಗೆ ನಾನು ಶುರು ಮಾಡಿಯಾಗಿರುತ್ತೆ.

ಮೊನ್ನೆ ಹೀಗೇ ಆಯಿತು. ಐವತ್ತು ದಾಟಿದ ಒಬ್ಬ ಮನುಷ್ಯ, ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತಿದ್ದ. ಅವನ ತಲೆ ಮೇಲಿದ್ದದ್ದನ್ನು ಟೋಪಿ ಅನ್ನೋಕೆ ನನಗೆ ಬಾಯಿ ಬರಲ್ಲ. ನಡುವೆ ಹಳ್ಳ ಬಿದ್ದಿತ್ತು, ಮುಂಭಾಗ ಹುಬ್ಬಿನ ಮೇಲೆ ಜೋತು ಬಿದ್ದಿತ್ತು. ತೆಗೆಸಿ ನೋಡಿದರೆ ಒಳಗೆ ಮಡಿಸಿದ ನ್ಯೂಸ್‌ಪೇಪರು! ಅಳತೆ ಸರಿಹೋಗಲಿ ಅಂತ ಪಾಪ ಅವನೇ ತುರುಕಿಕೊಂಡಿದ್ದ. "ಯಾರ್ರೀ ಕೊಟ್ಟಿದ್ದು ಇದನ್ನ?" ಅಂದೆ. "ಏಜೆನ್ಸಿಯೋರು ಸಾರ್" ಅಂದ. "ಒಂದ್ಸಲ ಇದರ ಮೇಲೆ ಕೂತ್ಕೊಳ್ಳಿ ನೋಡೋಣ" ಅಂದೆ. ಅವನು ನನ್ನನ್ನೊಮ್ಮೆ ನೋಡಿದ, ಆಮೇಲೆ ನನ್ನ ಮಗಳನ್ನು ಕನಿಕರದಿಂದ ನೋಡಿದ. "ಸಾರಿ ಅಂಕಲ್, ನಮ್ಮಪ್ಪ ಹಂಗೇ" ಅಂದಳು ಅವಳು. ಹಂಗೇ ಅಂದ್ರೆ ಹೆಂಗೆ? ನನಗೇನು ತಲೆ ಕೆಟ್ಟಿಲ್ಲ. ಪೂರ್ತಿ ಕೇಳಿ, ಆಮೇಲೆ ನೀವೇ ತೀರ್ಮಾನ ಮಾಡಿ.

ನಾನೂ ಟೋಪಿ ಹಾಕಿದವನೇ. ನಗಬೇಡಿ. ಮೋಸ ಮಾಡೋದಕ್ಕೆ "ಟೋಪಿ ಹಾಕೋದು" ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸಿಕ್ಕಿದ್ದರೆ ಅವನನ್ನು ಒಂದು ವಾರ ಶಿವಾಜಿನಗರದ ಗಫೂರ್ ಸಾಬರ ಅಂಗಡಿಯಲ್ಲಿ ಸೂಜಿ ಕೊಟ್ಟು ಕೂರಿಸುತ್ತಿದ್ದೆ. ನಾನು ಹಾಕಿದ್ದು ತಲೆಗೆ, ಅದೂ ನನ್ನ ತಲೆಗೇ. ಟಿನ್ ಫ್ಯಾಕ್ಟರಿಯಿಂದ ಆಚೆ ಒಂದು ಸರ್ಕಾರಿ ಕಾರ್ಖಾನೆಯ ಗೇಟಿನಲ್ಲಿ ನಾನು ಹವಾಲ್ದಾರ್ ಆಗಿದ್ದೆ. ವಾಚ್ ಅಂಡ್ ವಾರ್ಡ್ ಅಂತ ನಮ್ಮ ವಿಭಾಗದ ಹೆಸರು. ಆ ಕಾರ್ಖಾನೆ ನಿಂತಿರೋದು ನಮ್ಮ ತಾತ ರಾಗಿ ಬೆಳೆದ ಹೊಲದ ಮೇಲೆ. ಜಮೀನು ಹೋದದ್ದಕ್ಕೆ ನಮ್ಮಪ್ಪನಿಗೆ ಗೇಟಿನಲ್ಲಿ ಕೆಲಸ ಸಿಕ್ಕಿತು. ಅಪ್ಪ ರಿಟೈರ್ ಆದ ಮೇಲೆ, ತೊಂಬತ್ತರ ಸುಮಾರಿಗೆ, ನನಗೂ ಅಲ್ಲೇ ಸಿಕ್ಕಿತು. ತಾತ ಬೇಲಿ ಹಾಕಿ ಕಾಯುತ್ತಿದ್ದ ನೆಲವನ್ನೇ ನಾವು ಟೋಪಿ ಹಾಕಿಕೊಂಡು ಕಾದೆವು.

ತಾತನ ತಲೆಗೆ ಟೋಪಿ ಇರಲಿಲ್ಲ, ರುಮಾಲಿತ್ತು. ಗೇಟಿನಲ್ಲಿ ನಿಂತವನಿಗೆ ಯೋಚನೆ ಮಾಡೋಕೆ ಬೇಕಾದಷ್ಟು ಹೊತ್ತಿರುತ್ತೆ. ಹಾಗೆ ಯೋಚಿಸಿ ನಾನು ಕಂಡುಕೊಂಡದ್ದು ಇದು: ರುಮಾಲಿಗೆ ಆಕಾರ ಕೊಡೋನು ಸುತ್ತಿಕೊಳ್ಳೋನೇ. ದಿನಾ ಬೆಳಿಗ್ಗೆ ಹೊಸದಾಗಿ ಸುತ್ತಬೇಕು, ಸಡಿಲವಾದರೆ ಅವನ ತಪ್ಪು, ಬಿಗಿಯಾದರೆ ಅವನ ತಲೆನೋವು. ಟೋಪಿ ಹಾಗಲ್ಲ. ಎಲ್ಲೋ ಕೂತ ಇನ್ನೊಬ್ಬ ಅದಕ್ಕೆ ಆಕಾರ ಕೊಟ್ಟಿರುತ್ತಾನೆ, ನಾವು ನಂಬಿ ತಲೆ ಕೊಡುತ್ತೇವೆ ಅಷ್ಟೆ. ದಂಡು ಪ್ರದೇಶದ ಬಿಳಿ ಸಾಹೇಬರು ನಮಗೆ ಬಿಟ್ಟುಹೋದದ್ದರಲ್ಲಿ ಇದೂ ಒಂದು, ಬೇರೊಬ್ಬನ ಕೈಕೆಲಸವನ್ನು ತಲೆ ಮೇಲೆ ಹೊರೋದು. ಅವನು ಯೋಗ್ಯನಾಗಿದ್ದರೆ ನೀನು ಮರ್ಯಾದಸ್ಥ, ಅವನು ಕಳ್ಳನಾಗಿದ್ದರೆ ನೀನು ಕೋಡಂಗಿ.

ನಮ್ಮ ಪುಣ್ಯಕ್ಕೆ ನಮಗೆ ಸಿಕ್ಕಿದ್ದು ಗಫೂರ್ ಸಾಬರು.

ಅಪ್ಪನೇ ಮೊದಲ ಸಲ ನನ್ನನ್ನು ಕರೆದುಕೊಂಡು ಹೋದದ್ದು. ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಗುಜರಿಯವರ ಸಾಲು ದಾಟಿ, ಬ್ಯಾಂಡ್ ಸೆಟ್ಟಿನವರ ಬೋರ್ಡುಗಳಿರುವ ಒಂದು ಗಲ್ಲಿ. ಅಲ್ಲಿ ಮರದ ಮೆಟ್ಟಿಲು ಹತ್ತಿದರೆ ಒಂದೇ ಒಂದು ಕೋಣೆ. ಒಳಗೆ ಕಾಲಿಟ್ಟವನು ನಾನು ಹೆದರಿ ಹಿಂದೆ ಸರಿದೆ. ಗೋಡೆಯುದ್ದಕ್ಕೂ ಹಲಗೆ, ಹಲಗೆ ತುಂಬಾ ಮರದ ತಲೆಗಳು. ಕಣ್ಣಿಲ್ಲ, ಮೂಗಿಲ್ಲ, ಬರೀ ಬುರುಡೆ. ಒಂದೊಂದಕ್ಕೂ ಒಂದೊಂದು ಅಳತೆ. ಟೋಪಿಯನ್ನು ಒದ್ದೆ ಮಾಡಿ ಆ ತಲೆಗೆ ಎಳೆದು ಕಟ್ಟಿ, ನೆರಳಿನಲ್ಲಿ ಎರಡು ದಿನ ಒಣಗಿಸೋದು. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತೆ ಅನ್ನೋರು ಸಾಬರು.

ಅವರು ನನ್ನ ತಲೆಗೆ ಟೇಪು ಸುತ್ತಿದರು. ಇನ್ನೊಂದು ಸಲ ಸುತ್ತಿದರು. ಟೇಪನ್ನೇ ಅನುಮಾನದಿಂದ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ನಿಮ್ದು ತಲೆ ಸೀದಾ ಇತ್ತು ಅಣ್ಣ. ನಿಮ್ಮ ಮಗಂದು... ಕ್ಯಾ ಬೋಲ್ನಾ, ಹಲಸಿನಹಣ್ಣು" ಅಂದರು. ನನ್ನ ತಲೆ ದೊಡ್ಡದು, ಒಪ್ಪಿಕೊಳ್ಳುತ್ತೇನೆ. ಸ್ಕೂಲಿನಲ್ಲಿ ನನ್ನ ಹಿಂದೆ ಕೂತವರಿಗೆ ಬೋರ್ಡ್ ಕಾಣುತ್ತಿರಲಿಲ್ಲ. ಮದುವೆಯಲ್ಲಿ ತಂದಿದ್ದ ಪೇಟ ನೆತ್ತಿಯ ಮೇಲೆ ಕೂತಿತೇ ಹೊರತು ಒಳಗೆ ಇಳಿಯಲಿಲ್ಲ. ಸಾಬರು ಬೇರೆ ದಾರಿ ಕಾಣದೆ ಹಲಸೂರಿನ ಬಡಗಿಯೊಬ್ಬರ ಹತ್ತಿರ ನನಗೆಂದೇ ಒಂದು ಹೊಸ ಮರದ ತಲೆ ಕಡೆಸಿದರು. ಅದರ ಬುಡದಲ್ಲಿ ಪೆನ್ಸಿಲ್‌ನಿಂದ ನನ್ನ ಹೆಸರು ಬರೆದರು. ಹಲಗೆಯ ಮೇಲೆ ಅದು ಉಳಿದ ತಲೆಗಳ ನಡುವೆ ಹಿರಿಯಣ್ಣನ ಹಾಗೆ ಕೂತಿರುತ್ತಿತ್ತು.

ಇನ್ನು ಅವರ ಟೋಪಿ. ಮುಂಭಾಗಕ್ಕೆ ಬಕ್ರಂ ಅನ್ನೋ ಗಡುಸು ಬಟ್ಟೆ ಎರಡು ಪದರ, ನಡುವೆ ಕ್ಯಾನ್ವಾಸು, ಮೂರನ್ನೂ ಸೇರಿಸಿ ಒತ್ತೊತ್ತಾಗಿ ಹೊಲಿಗೆ. ಅಂಟು ಮುಟ್ಟುತ್ತಿರಲಿಲ್ಲ. "ಅಂಟು ಮಳೆಗೆ ಸೋಲುತ್ತೆ, ದಾರ ಸೋಲಲ್ಲ" ಅನ್ನೋರು. ಮೇಲಿನ ಅಂಚಿನೊಳಗೆ ಉಕ್ಕಿನ ತಂತಿಯದೊಂದು ಬಳೆ. ಟೋಪಿ ಹಾಕಿಸಿ, ಕನ್ನಡಿ ಎದುರು ಹತ್ತು ಸಲ ಸಲ್ಯೂಟ್ ಹೊಡೆಸೋರು. ಯಾರ ಬೆರಳು ಪೀಕಿಗೆ, ಅಂದ್ರೆ ಹಣೆ ಮೇಲೆ ಮುಂದಕ್ಕೆ ಚಾಚಿರೋ ಅಂಚಿಗೆ, ಎಲ್ಲಿ ತಗಲುತ್ತೆ ನೋಡಿಕೊಂಡು ಅಲ್ಲಿಗೆ ಇನ್ನೊಂದು ಸಾಲು ಹೊಲಿಗೆ ಹಾಕೋರು. ಇಷ್ಟೆಲ್ಲ ಆದ ಮೇಲೆ ಕೊನೆಯ ಪರೀಕ್ಷೆ. ಟೋಪಿಯನ್ನು ಸ್ಟೂಲಿನ ಮೇಲಿಟ್ಟು, "ಕೂತ್ಕೊಳ್ಳಿ" ಅನ್ನೋರು.

ಟೋಪಿ ಮೇಲೆ ಕೂರಬೇಕು ಸ್ವಾಮಿ! ಹಾಕಿಕೊಳ್ಳೋನೇ ಕೂರಬೇಕು, ಪೂರ್ತಿ ಭಾರ ಬಿಟ್ಟು. ಹೊಸದಾಗಿ ಕೆಲಸಕ್ಕೆ ಸೇರಿದವರು ನಾಚಿಕೊಂಡು ಅರ್ಧಂಬರ್ಧ ಕೂತರೆ ಸಾಬರು ಹೆಗಲು ಹಿಡಿದು ಅದುಮೋರು. ಎದ್ದರೆ ಟೋಪಿಯೂ ಎದ್ದು ನಿಲ್ಲಬೇಕು. ನಿಲ್ಲದಿದ್ದರೆ ಹೊಲಿಗೆ ಬಿಚ್ಚಿ ಮತ್ತೆ ಮೊದಲಿಂದ. ಎದ್ದು ನಿಂತ ಮೇಲಷ್ಟೇ ಸಿಂಹದ ಮುದ್ರೆಯ ಹಿತ್ತಾಳೆ ಬ್ಯಾಡ್ಜು ಸಿಕ್ಕಿಸೋದು. ಸಿಂಹದ ಮೇಲೆ ಯಾರೂ ಕೂರಬಾರದಲ್ಲ, ಅದಕ್ಕೇ ಈ ಕ್ರಮ. ಆ ಕೋಣೆಯಿಂದ ಬ್ಯಾಡ್ಜ್ ಸಿಕ್ಕಿಸಿಕೊಂಡು ಹೊರಬಂದ ಟೋಪಿಯನ್ನು ಮತ್ತೆ ಯಾರೂ ಪರೀಕ್ಷೆ ಮಾಡಬೇಕಾಗಿರಲಿಲ್ಲ.

ಹೀಗೇ ವರ್ಷಗಳು ನಡೆದವು. ಆಮೇಲೆ ನಮ್ಮ ಕಾರ್ಖಾನೆಗೆ ಟೆಂಡರ್ ಅನ್ನೋ ಗಾಳಿ ಬಡಿಯಿತು. ಗೇಟಿನ ಬಳಿ ಹೂವಿನ ಗಿಡಕ್ಕೆ ಗೊಬ್ಬರ ಹಾಕೋದಕ್ಕೂ ಟೆಂಡರ್, ಟೋಪಿಗೂ ಟೆಂಡರ್. ಸಾಬರು ನನ್ನನ್ನು ಹುಡುಕಿಕೊಂಡು ಗೇಟಿಗೇ ಬಂದರು. ಬಿಳಿ ಜುಬ್ಬಾ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. "ಮುನಿರಾಜಣ್ಣ, ಬ್ಯಾಂಡ್‌ನೋರ್ದು ಟೋಪಿ ಮದುವೆ ಸೀಜನ್‌ಗೆ ಮಾತ್ರ. ನನ್ದು ಅಂಗಡಿ ಬಾಗಿಲು ತೆಗೆದಿರೋದೇ ನಿಮ್ದು ಆರ್ಡರ್‌ನಿಂದ. ನನಗೆ ಸಿಫಾರಸು ಬೇಡ. ಸ್ಯಾಂಪಲ್ ನೋಡೋವಾಗ ನನ್ದು ಮೇಲೆ ಕೂತು ನೋಡಿ, ಅವರ್ದು ಮೇಲೂ ಕೂತು ನೋಡಿ. ಅಷ್ಟೇ ಮಾಡಿ" ಅಂದರು. "ಅಯ್ಯೋ ಸಾಬ್ರೇ, ಅದನ್ನ ಹೇಳಬೇಕಾ? ಕೂತೇ ಕೂರ್ತೀನಿ" ಅಂದೆ. ಹೇಳುವಾಗ ನನ್ನ ಎದೆ ಉಬ್ಬಿತ್ತು, ಯಾಕೆಂದರೆ ಸ್ಯಾಂಪಲ್ ನೋಡುವ ಕಮಿಟಿಯಲ್ಲಿ ಟೋಪಿ ಹಾಕಿಕೊಳ್ಳುವವರ ಪರವಾಗಿ ಇದ್ದವನು ನಾನೊಬ್ಬನೇ.

ಆ ದಿನ ಖರೀದಿ ವಿಭಾಗದ ಸಾಹೇಬರ ಕೋಣೆಯಲ್ಲಿ ಗಾಜಿನ ಮೇಜಿನ ಮೇಲೆ ಎರಡು ಟೋಪಿ. ಸಾಬರದ್ದು ಬೋಳಾಗಿತ್ತು, ಪರೀಕ್ಷೆ ಆಗೋ ತನಕ ಅವರು ಬ್ಯಾಡ್ಜ್ ಸಿಕ್ಕಿಸೋರಲ್ಲವಲ್ಲ. ಇನ್ನೊಂದು, ಹೊಸ ಕಂಟ್ರಾಕ್ಟರಂದು, ಬ್ಯಾಡ್ಜ್ ಸಮೇತ ಥಳಥಳ ಹೊಳೀತಿತ್ತು. "ಇದೇನ್ರೀ, ಅರ್ಧಂಬರ್ಧ ಮಾಲು ತಂದಿಟ್ಟಿದ್ದಾರೆ" ಅಂದರು ಸಾಹೇಬರು ಸಾಬರ ಟೋಪಿ ತೋರಿಸಿ. ಸಾಬರ ಟೋಪಿಯನ್ನು ಕುರ್ಚಿಯ ಮೇಲಿಟ್ಟು, ಎಲ್ಲರೆದುರು ಕೂತೆ. ಕಮಿಟಿ ಬಿದ್ದೂ ಬಿದ್ದೂ ನಕ್ಕಿತು. ನಗಲಿ ಅಂತ ಇನ್ನೂ ಭಾರ ಬಿಟ್ಟೆ. ಎದ್ದೆ, ಟೋಪಿಯೂ ಎದ್ದಿತು. ಆಮೇಲೆ ಇನ್ನೊಂದಕ್ಕೆ ಕೈ ಹಾಕಿದೆ.

"ಏನ್ರೀ ಮುನಿರಾಜು! ಸಿಂಹದ ಮೇಲೆ ಕೂರ್ತೀರೇನ್ರೀ?" ಅಂತ ಸಾಹೇಬರು ಕುರ್ಚಿ ಬಿಟ್ಟು ಎದ್ದೇಬಿಟ್ಟರು.

ನನ್ನ ಕೈ ಅಲ್ಲೇ ನಿಂತಿತು. ಈಗ ನೀವು ನನ್ನ ಮೇಲೆ ಸಿಟ್ಟಾಗಬೇಕು, ಯಾಕೆಂದರೆ ನನಗೆ ಗೊತ್ತಿತ್ತು. ಬ್ಯಾಡ್ಜಿನ ಹಿಂದೆ ಎರಡೇ ಎರಡು ಪಿನ್ನು ಇರೋದು. ಎಡಗೈಯಲ್ಲಿ ಬಿಚ್ಚಬಹುದು, ನಾನೇ ನೂರಾರು ಬಿಚ್ಚಿ ಸಿಕ್ಕಿಸಿದವನು. "ಬಿಚ್ಚಿಟ್ಟು ಕೂರ್ತೀನಿ ಸಾರ್" ಅಂದಿದ್ದರೆ ಮುಗಿದಿತ್ತು. ಅಷ್ಟರಲ್ಲಿ ಸಾಹೇಬರ ಪಕ್ಕದಲ್ಲೇ ಕೂತಿದ್ದ ಆ ಕಂಟ್ರಾಕ್ಟರು ಅನ್ನೋ ಆಸಾಮಿ ಜೇನು ಸುರಿಸಿದ ದನಿಯಲ್ಲಿ, "ಸಾರ್ ಒಂದ್ಸಲ ತಲೆಗಿಟ್ಟು ನೋಡಲಿ, ಅವರಿಗೆ ಅಂತಲೇ ಮಾಡಿಸಿದ್ದು" ಅಂದ. ಇಟ್ಟುಕೊಂಡೆ. ಸರಿಯಾಗಿ ಕೂತಿತು! ಗೇಟಿನಲ್ಲಿ ಯಾರನ್ನೋ ಕೇಳಿ ನನ್ನ ಹಲಸಿನಹಣ್ಣಿನ ಅಳತೆ ತಿಳಿದುಕೊಂಡಿದ್ದ. ಒಂದು ಕನ್ನಡಿಯನ್ನೂ ತಂದಿದ್ದ, ನೋಡಿ. ಕನ್ನಡಿಯಲ್ಲಿ ನನಗೆ ನಾನು ಸಬ್ ಇನ್ಸ್‌ಪೆಕ್ಟರ್ ಹಾಗೆ ಕಂಡೆ. ಗೋಡಂಬಿ ಬಿಸ್ಕತ್ತು ಬಂತು, ಟೀ ಬಂತು, ಕಾಗದ ಬಂತು. "ಉಪಯೋಗಿಸುವವರ ಅಭಿಪ್ರಾಯ: ತೃಪ್ತಿಕರ" ಅನ್ನೋ ಸಾಲಿನ ಕೆಳಗೆ ನಾನು ಸಹಿ ಹಾಕಿದೆ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಿಂಹದ ಮರ್ಯಾದೆಯ ಪ್ರಶ್ನೆ, ದೇಶದ ಪ್ರಶ್ನೆ, ಇತ್ಯಾದಿ. ಮನುಷ್ಯ ತನ್ನ ಸಣ್ಣತನ ಮುಚ್ಚೋಕೆ ದೇಶವನ್ನು ಎಷ್ಟು ಸುಲಭವಾಗಿ ಎಳೆದುಕೊಂಡು ಬರುತ್ತಾನೆ ಅನ್ನೋದನ್ನ ಆವತ್ತು ಕಲಿತೆ.

ಆಗಸ್ಟ್ ಹದಿನೈದು ಬಂತು. ಬೆಂಗಳೂರಿನ ಆಗಸ್ಟ್ ನಿಮಗೆ ಗೊತ್ತಲ್ಲ, ಜೋರಾಗಿ ಸುರಿಯಲ್ಲ, ಬಿಡೋದೂ ಇಲ್ಲ. ಕಾರ್ಖಾನೆಯ ಮೈದಾನದಲ್ಲಿ ಶಾಮಿಯಾನದ ಕೆಳಗೆ ದೊಡ್ಡ ಸಾಹೇಬರು, ಅವರ ಮನೆಯವರು, ಕಾರ್ಮಿಕರು, ಅವರ ಹೆಂಡತಿ ಮಕ್ಕಳು. ಮಳೆಯಲ್ಲಿ ನಾವು. ಪರೇಡಿನ ಮುಂದಾಳು ನಾನು, ಹೊಸ ಟೋಪಿ. ಮೊದಲ ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಹಣೆಯ ಮೇಲೆ ಏನೋ ಮೆತ್ತಗಾದ ಹಾಗಾಯಿತು. ಮುಂಭಾಗದ ಒಳಗೆ ಬಕ್ರಂ ಇದ್ದರೆ ತಾನೇ? ರಟ್ಟು! ಸ್ವೀಟ್ ಅಂಗಡಿಯ ಡಬ್ಬದ ರಟ್ಟು! ನೀರು ಕುಡಿದು ಅಂಬಲಿಯಾಯಿತು. ಮೇಲಿನ ಬಳೆ ಪ್ಲಾಸ್ಟಿಕ್ಕಿನದು, ಅದು ಎಂಟರ ಆಕಾರಕ್ಕೆ ತಿರುಚಿಕೊಂಡಿತು. ಬಟ್ಟೆಯ ನೀಲಿ ಬಣ್ಣ ಕಿವಿಯ ಹಿಂದಿನಿಂದ ಕತ್ತಿಗಿಳಿದು ಬಿಳಿ ಅಂಗಿಗೆ ಹತ್ತಿತು. "ದಾಹಿನೇ ದೇಖ್" ಅಂತ ಕೂಗಿ ನಾನು ಸಲ್ಯೂಟ್ ಹೊಡೆದರೆ ಪೀಕು ಬೆರಳಿಗಂಟಿ ಕೆಳಗೆ ಬಂತು. ನನ್ನ ಹಿಂದೆ ಮೂರು ಸಾಲು ಮನುಷ್ಯರು, ಎಲ್ಲರ ತಲೆ ಮೇಲೂ ಅದೇ ಗತಿ. ಕಾರ್ಮಿಕರ ಕಡೆಯಿಂದ ಯಾರೋ, "ಏನ್ ಗುರು, ಟೋಪಿನಾ ತಟ್ಟೆ ಇಡ್ಲಿನಾ?" ಅಂದ. ಮೈದಾನಕ್ಕೆ ಮೈದಾನವೇ ನಕ್ಕಿತು. ದೊಡ್ಡ ಸಾಹೇಬರ ಮನೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಯಾವ ಸಿಂಹದ ಮೇಲೆ ಕೂರಲ್ಲ ಅಂತ ಮರ್ಯಾದೆ ಕೊಟ್ಟಿದ್ದೆನೋ ಆ ಸಿಂಹ, ಮುಂಭಾಗದ ರಟ್ಟಿನ ಜೊತೆ ಮಡಿಸಿಕೊಂಡು, ನೆಲ ನೋಡ್ತಾ ನಿಂತಿತ್ತು.

ದೂರು ಕೊಟ್ಟೆವು. ಉತ್ತರ ಬಂತು. ಆ ಉತ್ತರ ನೆನೆದರೆ ಈಗಲೂ ನನ್ನ ಮೈ ಉರಿಯುತ್ತೆ. "ಸದರಿ ಟೋಪಿಗಳನ್ನು ಮಳೆಯಲ್ಲಿ ಉಪಯೋಗಿಸಿದ್ದರಿಂದ ಹಾನಿಯಾಗಿದೆ. ಮುಂದೆ ಹೀಗಾಗದಂತೆ ಉಪಯೋಗಿಸುವವರು ಎಚ್ಚರ ವಹಿಸತಕ್ಕದ್ದು." ಅಲ್ರೀ, ಕಾವಲು ಅನ್ನೋದೇನು ಒಳಾಂಗಣ ಕ್ರೀಡೆಯೇ? ಮಳೆ ಬಂದಾಗ ಗೇಟು ಬಿಟ್ಟು ಟೋಪಿಗೆ ಕೊಡೆ ಹಿಡಿಯಬೇಕಿತ್ತೇ? ಕಾವಲುಗಾರನ ಟೋಪಿ ತಾನೇ, ಹೇಗಿದ್ದರೇನು ಅನ್ನೋ ಧಿಮಾಕು ಆ ಕಾಗದದ ತುಂಬಾ ಇತ್ತು. ಹಾರಾಡಿದೆ. ಮೇಜು ಗುದ್ದಿದೆ. ಸಾಹೇಬರು ಶಾಂತವಾಗಿ ಫೈಲು ತೆಗೆದು, ಒಂದು ಹಾಳೆ ನನ್ನ ಮುಂದೆ ತಿರುಗಿಸಿಟ್ಟರು. ತೃಪ್ತಿಕರ, ಕೆಳಗೆ ನನ್ನ ಸಹಿ. ಸಹಿಯಾದರೂ ಸಣ್ಣದಾಗಿತ್ತೇ, ಅದೂ ನನ್ನ ತಲೆಯ ಅಳತೆಯದೇ.

ಕೆಲವು ದಿನ ಬಿಟ್ಟು ಶಿವಾಜಿನಗರಕ್ಕೆ ಹೋದೆ. ನನ್ನ ಕೈಯಿಂದ ದುಡ್ಡು ಕೊಟ್ಟು ಒಂದು ಟೋಪಿ ಮಾಡಿಸಿಕೊಳ್ಳೋಣ, ಹಾಗೇ ತಪ್ಪೊಪ್ಪಿಕೊಳ್ಳೋಣ ಅಂತ. ಸಾಬರ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರೂ ಬ್ಯಾಗು ಹೊಲಿಯೋ ಕಡೆ ಸೇರಿಕೊಂಡಿದ್ದರು. ಸಾಬರು ಒಬ್ಬರೇ ಕೂತು ಬ್ಯಾಂಡಿನವರ ಟೋಪಿಗೆ ಜರಿ ಹಚ್ಚುತ್ತಿದ್ದರು. ನನ್ನ ಮರದ ತಲೆಯನ್ನು ಹಲಗೆಯಿಂದ ಇಳಿಸಿ, ಧೂಳು ಒರೆಸಿ, ಕ್ಯಾನ್ವಾಸು ಕತ್ತರಿಸಿದರು. ವಾರ ಬಿಟ್ಟು ಹೋದಾಗ ಟೋಪಿ ಸಿದ್ಧವಾಗಿತ್ತು. ಸ್ಟೂಲಿನ ಮೇಲಿಟ್ಟು, "ಕೂತ್ಕೊಳ್ಳಿ" ಅಂದರು.

ನನಗೆ ಕೂರೋಕೆ ಆಗಲಿಲ್ಲ. "ಸಾಬ್ರೇ, ಆವತ್ತು ಸ್ಯಾಂಪಲ್ಲು..." ಅಂತ ಬಾಯಿ ತೆಗೆದೆ.

"ಕಮಿಟಿ ಅಲ್ವಾ?" ಅಂದರು ಅವರು, ಸೂಜಿಗೆ ದಾರ ಪೋಣಿಸುತ್ತಾ.

ನನ್ನ ನಾಲಿಗೆ ಬಿದ್ದುಹೋಗ, "ಹೂಂ, ಕಮಿಟಿ" ಅಂದುಬಿಟ್ಟೆ. "ಕೂತ್ಕೊಳ್ಳಿ, ಕೂತ್ಕೊಳ್ಳಿ" ಅಂದರು. ಕೂತೆ. ಎದ್ದೆ. ಟೋಪಿ ಎದ್ದಿತು. ಬ್ಯಾಡ್ಜನ್ನು ಅವರೇ ಸಿಕ್ಕಿಸಿ ಕೊಟ್ಟರು. ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ, ಅದಂತೂ ಇನ್ನೂ ಚುಚ್ಚುತ್ತೆ.

ಕಾರ್ಖಾನೆಯವರು ಮತ್ತೆ ಅವರಿಗೆ ಆರ್ಡರ್ ಕೊಡಲೇ ಇಲ್ಲ. ಮುಂದಿನ ಸಲ ಇನ್ನೊಬ್ಬ ಕಂಟ್ರಾಕ್ಟರು, ಅದರ ಮುಂದಿನ ಸಲ ಮತ್ತೊಬ್ಬ, ಕಡೆಗೆ ನಮ್ಮ ವಿಭಾಗವನ್ನೇ ಏಜೆನ್ಸಿಗೆ ಕೊಟ್ಟು ನಮಗೆಲ್ಲ ವಿಆರ್‌ಎಸ್ ಅಂದರು. ನಾನು ಮನೆಗೆ ಬಂದ ವರ್ಷವೇ ಸಾಬರು ಹೇಳಿ ಕಳಿಸಿದರು, ಅಂಗಡಿ ಖಾಲಿ ಮಾಡುತ್ತಿದ್ದೇನೆ, ಒಂದು ಸಲ ಬಂದು ಹೋಗಿ ಅಂತ. ಹೋದೆ. ಹಲಗೆಗಳು ಬರಿದಾಗಿದ್ದವು. ಅಷ್ಟೂ ಮರದ ತಲೆಗಳನ್ನು ಮೂಟೆ ಕಟ್ಟಿ ಬೇಕರಿಯವರ ಒಲೆಗೆ ಕೊಟ್ಟಿದ್ದರು. ಟೋಪಿ ಹೊಲಿಯೋರೇ ಇಲ್ಲದ ಮೇಲೆ ಅಚ್ಚು ಯಾರಿಗೆ ಬೇಕು? ಒಂದನ್ನು ಮಾತ್ರ ಹಳೇ ಲುಂಗಿಯಲ್ಲಿ ಸುತ್ತಿ ಪಕ್ಕಕ್ಕಿಟ್ಟಿದ್ದರು. ಬಿಚ್ಚಿ ನನ್ನ ತೊಡೆ ಮೇಲಿಟ್ಟರು. ಬುಡದಲ್ಲಿ ಪೆನ್ಸಿಲ್ಲಿನ ಹೆಸರು ಇನ್ನೂ ಮಾಸಿರಲಿಲ್ಲ.

"ನಿಮ್ದೇ ತಲೆ ಮುನಿರಾಜಣ್ಣ, ತಗೊಂಡು ಹೋಗಿ" ಅಂದರು. ನಾನು ಎದ್ದು ಬಾಗಿಲ ತನಕ ಬಂದ ಮೇಲೆ, ನಗುತ್ತಲೇ, ಒಂಚೂರೂ ವಿಷ ಇಲ್ಲದ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದರು. "ಇದು ಒಳ್ಳೇ ತಲೆ. ಇದು ಸೈನ್ ಹಾಕಲ್ಲ."

ಅಷ್ಟು ವರ್ಷ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಟೋಪಿ ಹೊಲಿದುಕೊಟ್ಟಿದ್ದರು. ಆ ಮರದ ಮೆಟ್ಟಿಲನ್ನು ನಾನು ಹೇಗೆ ಇಳಿದೆನೋ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ತಲೆಯನ್ನು ಎದೆಗವಚಿಕೊಂಡು ಅಷ್ಟು ಜನರ ನಡುವೆ ಅತ್ತುಬಿಟ್ಟೆ. ಲುಂಗಿಯೊಳಗೆ ಏನಿದೆಯೋ ಅಂತ ಜನ ದೂರ ಸರಿದು ನನಗೆ ಜಾಗ ಬಿಟ್ಟರು.

ಈಗ ಆ ಗಲ್ಲಿಯ ಮಹಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಸಾಬರು ಮಗಳ ಮನೆಗೆ ಅಂತ ಊರು ಬಿಟ್ಟರು. ಇಂದಿರಾನಗರದ ಆ ಸೆಕ್ಯುರಿಟಿಯ ಟೋಪಿ ಕೈಲಿ ಹಿಡಿದು ನಾನು ಕೂಗಾಡಿದೆನಲ್ಲ, ಅವನು ಮೆಲ್ಲಗೆ ಒಂದು ಪ್ರಶ್ನೆ ಕೇಳಿದ: "ಒಳ್ಳೇದು ಎಲ್ಲಿ ಸಿಗ್ತದ್ರೀ ಸಾರ್? ನನ್ನ ರೊಕ್ಕದಾಗ ನಾ ತಗೋತೀನಿ." ಇದ್ದ ಒಂದು ಉತ್ತರವನ್ನು ನಾನೇ ಸಹಿ ಹಾಕಿ ಮುಚ್ಚಿಸಿದ್ದೆ. ನ್ಯೂಸ್‌ಪೇಪರನ್ನು ಮತ್ತೆ ನೀಟಾಗಿ ಮಡಿಸಿ, ಟೋಪಿಯೊಳಗಿಟ್ಟು, ಅವನ ಕೈಗೆ ಕೊಟ್ಟು ಗಾಡಿ ಹತ್ತಿದೆ. ಆವತ್ತು ಮನೆ ಮುಟ್ಟೋ ತನಕ ನಾನು ಯಾರನ್ನೂ ಬೈಯಲಿಲ್ಲ. ಗೀತಾ ಗಾಬರಿಯಾಗಿ ಎರಡು ಸಲ ಹಣೆ ಮುಟ್ಟಿ ನೋಡಿದಳು.

ಮರದ ತಲೆ ನಮ್ಮ ಮನೆಯ ಟಿವಿ ಪಕ್ಕದಲ್ಲಿದೆ, ಅದರ ಮೇಲೆ ಸಾಬರ ಕೊನೆಯ ಟೋಪಿ. ಬಂದವರು ಬೆಚ್ಚಿ ಬೀಳುತ್ತಾರೆ, ತೆಗೆದು ಅಟ್ಟಕ್ಕೆ ಹಾಕಿ ಅನ್ನುತ್ತಾಳೆ ನನ್ನ ಹೆಂಡತಿ. ನಾನು ಬಿಟ್ಟಿಲ್ಲ. ಪ್ರತಿ ವರ್ಷ ಆಗಸ್ಟ್ ಹದಿನೈದರ ಬೆಳಿಗ್ಗೆ, ಬ್ಯಾಡ್ಜಿನ ಎರಡು ಪಿನ್ನು ಬಿಚ್ಚಿ ಸಿಂಹವನ್ನು ಮೇಜಿನ ಮೇಲಿಡುತ್ತೇನೆ. ಎಡಗೈಯಲ್ಲೇ ಬಿಚ್ಚುತ್ತೇನೆ. ಟೋಪಿಯನ್ನು ಸ್ಟೂಲಿನ ಮೇಲಿಟ್ಟು, ಪೂರ್ತಿ ಭಾರ ಬಿಟ್ಟು ಕೂರುತ್ತೇನೆ. ಆಮೇಲೆ ಏಳಬೇಕು. ಗೇಟಿನಲ್ಲಿ ನಿಂತೂ ನಿಂತೂ ಹಾಳಾದ ಮೊಣಕಾಲು ಹಿಡಿದುಕೊಂಡು, ಗೋಡೆಗೆ ಕೈ ಕೊಟ್ಟು, ಅಯ್ಯಪ್ಪಾ ಅಂದುಕೊಂಡು ನಾನಿನ್ನೂ ಅರ್ಧ ಎದ್ದಿರುತ್ತೇನೆ. ತಿರುಗಿ ನೋಡಿದರೆ ಟೋಪಿ ಆಗಲೇ ಎದ್ದು ನಿಂತಿರುತ್ತೆ.